ಜಿಂಕೆಗಳಿಗೆ ಉಣ್ಣೆ

ಈ ಊರಿನಲ್ಲಿ ಜಿಂಕೆಯನ್ನು ಜಿಂಕೆ ಎಂದು ಕರೆಯುವುದು ಪುರಸಭೆಯ ಕಾಗದಗಳಲ್ಲಿ ಮಾತ್ರ. ಮನೆಗಳಲ್ಲಿ ಬೀಗತಿ ಅನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಗೇಟಿನ ಕಡೆ ನೋಡಿ "ಜಿಂಕೆ ಬಂತು" ಅಂದಾಗ ಅತ್ತೆ ಒಲೆಯ ಮುಂದಿನಿಂದಲೇ ತಿದ್ದಿದರು.

"ಬಂತು ಅನ್ಬಾರ್ದು ಕಣವ್ವ. ಬಂದ್ರು ಅನ್ನು. ನಿಮ್ಮಮ್ಮನ ಸಮ ಅವರು."

ಒಂದು ಮನೆಗೆ ಸೊಸೆ ಬಂದರೆ ಗುಡ್ಡದಿಂದ ಒಂದು ಹೆಣ್ಣು ಜಿಂಕೆ ಇಳಿದು ಬಂದು ಆ ಮನೆಯ ಗೇಟಿನ ಮುಂದೆ ನಿಲ್ಲುತ್ತದೆ. ಅಂದಿನಿಂದ ಅವರು ಅತ್ತೆಗೆ ಬೀಗತಿ, ಸೊಸೆಗೆ ತವರಿನ ಕಡೆಯವರು. ಗೇಟಿನ ಪಕ್ಕದ ಕಲ್ಲಿನ ಮೇಲೆ ಹಿಡಿ ಉಪ್ಪು ಇಟ್ಟಿರಬೇಕು. ಕುಕ್ಕರುಗಳು ಕೂಗುವ ಹೊತ್ತಿಗೆ ಬೀಗತಿ ಬಂದು ಆ ಉಪ್ಪು ನೆಕ್ಕುತ್ತಾರೆ. ಅವರು ನೆಕ್ಕಿದ ಮೇಲೆ ಆ ಮನೆಯ ಅಡುಗೆಗೆ ಉಪ್ಪು ಹತ್ತುತ್ತದೆ. ಅಲ್ಲಿಯವರೆಗೆ ಎಷ್ಟು ಸುರಿದರೂ ಸಪ್ಪೆ. ಮೊದಲ ದಿನ ನಾನು ಸಾರಿನ ರುಚಿ ನೋಡಿ ಮುಖ ಸಿಂಡರಿಸಿದೆ. ನನ್ನ ಗಂಡ ಪ್ರಭು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ. "ತಡಿ, ನಿಮ್ಮಮ್ಮ ಇನ್ನೂ ದಾರೀಲವ್ರೆ" ಅಂದ.

ಗುಡ್ಡದ ಬುಡದವರೆಗೂ ಬಡಾವಣೆ ಬೆಳೆದಿದೆ. ಕೊನೆಯ ಕ್ರಾಸಿನಲ್ಲಿ ನಮ್ಮ ಮನೆ. ಅದರಾಚೆ ಖಾಲಿ ಸೈಟುಗಳು, ಲಂಟಾನ ಪೊದೆ, ಆಮೇಲೆ ಗುಡ್ಡ. ಮನೆಯ ಮುಂಭಾಗದಲ್ಲಿ ಅತ್ತೆ ದೇವೀರಮ್ಮ ಊಟದ ಮೆಸ್ ನಡೆಸುತ್ತಾರೆ. ಐಟಿಐ ಹುಡುಗರು, ಬಸ್ ಡಿಪೋದವರು, ಹೆಂಡತಿಯರನ್ನು ಊರಿಗೆ ಕಳಿಸಿದ ಗುಮಾಸ್ತರು ಬಂದು ಉಣ್ಣುತ್ತಾರೆ. ನಾನು ವಿಶ್ವವಿದ್ಯಾನಿಲಯದಲ್ಲಿ ಪರೋಪಜೀವಿಗಳನ್ನು ಓದಿದವಳು. ಅಂದರೆ ಇನ್ನೊಂದರ ಮೈಯಲ್ಲಿ ಬದುಕುವ ಹುಳಗಳು. ಪುರಸಭೆಯಲ್ಲಿ ನನಗೊಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಕಿಟಕಿ ಇದೆ.

ಹೋದ ಚಳಿಗಾಲದಲ್ಲಿ ಪ್ರಭು ತೀರಿಕೊಂಡ. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಬೀಗತಿ ನೆಕ್ಕಿದ ಉಪ್ಪೂ ನನ್ನ ನಾಲಿಗೆಗೆ ತಿಳಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಕೈ ಬಾಯಿಗೆ ಹೋಗುತ್ತಿತ್ತು, ತಟ್ಟೆ ಖಾಲಿಯಾಗುತ್ತಿತ್ತು. ಮಾತು ಮೊದಲೇ ಕಡಿಮೆ. ಇನ್ನೂ ಕಡಿಮೆಯಾಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಬೀಗತಿ ಬರುವುದು ನಿಲ್ಲಿಸಿದರು.

ಮೊದಲು ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಪೂರ್ತಿ. ಕಲ್ಲಿನ ಮೇಲಿನ ಉಪ್ಪು ಇಟ್ಟ ಹಾಗೇ ಇರುತ್ತಿತ್ತು. ಮೆಸ್ಸಿನಲ್ಲಿ ಹುಡುಗರು ಅನ್ನ ಕಲಸಿ ಅತ್ತೆಯ ಮುಖ ನೋಡುತ್ತಿದ್ದರು. ಒಳ್ಳೆಯ ಹುಡುಗರು, ಏನೂ ಹೇಳುತ್ತಿರಲಿಲ್ಲ. ಮಾರನೆಯ ದಿನ ಬರುತ್ತಿರಲಿಲ್ಲ, ಅಷ್ಟೇ. ನಲ್ಲಿಯ ಹತ್ತಿರದ ಮಾತು ಅತ್ತೆಯ ಕಿವಿಗೂ ಬಿತ್ತು: "ಮಗನೇ ಹೋದ ಮ್ಯಾಲೆ ಸೊಸೆ ಎಲ್ಲಿ, ಬೀಗತನ ಎಲ್ಲಿ? ಬೀಗತಿಗೆ ಗೊತ್ತಾಗೈತೆ. ಸಂಬಂಧ ಮುಗೀತು ಅಂತ ಅವರೇ ಕೈ ತೊಳ್ಕೊಂಡವ್ರೆ."

ನನ್ನ ಅಣ್ಣ ಫೋನು ಮಾಡಿದ. "ಬಂದ್ಬಿಡು ನೀಲಾ. ಅಲ್ಲಿ ಇನ್ನು ಯಾರಿಗೆ ಅಂತ ಇರ್ತೀಯ? ಅಮಾವಾಸ್ಯೆ ದಿನ ಕಾರು ತಗೊಂಡು ಬರ್ತೀನಿ."

"ಆಗಲಿ" ಅಂದೆ. ಇಲ್ಲ ಅನ್ನಬೇಕಾದರೆ ಕಾರಣ ಹೇಳಬೇಕಾಗುತ್ತದೆ. ಆಗಲಿ ಅನ್ನುವುದಕ್ಕೆ ಏನೂ ಬೇಕಾಗಿಲ್ಲ.

ಅತ್ತೆ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದರು. "ಬೀಗತಿ ಬಂದ್ರೆ ನೀನು ಈ ಮನೆ ಸೊಸೆ. ಊರಿನ ಬಾಯಿ ಮುಚ್ತದೆ, ನನ್ನ ಮೆಸ್ಸೂ ನಡೀತದೆ. ಬರ್ಲಿಲ್ಲ ಅಂದ್ರೆ ನಾನೇ ನಿನ್ನ ಟ್ರಂಕು ಕಾರಿಗೆ ಇಡ್ತೀನಿ. ಹಿಡ್ಕೊಂಡು ಕೂರೋಕೆ ನೀನೇನು ಸೌಟಾ?" ಅಂದರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದರು.

ಆ ಸಂಜೆ ನಾನು ದುರ್ಬೀನು ತೆಗೆದುಕೊಂಡು ಗುಡ್ಡ ಹತ್ತಿದೆ. ಹೋಗಬೇಕೆಂದು ಅನ್ನಿಸಿ ಹೋದದ್ದಲ್ಲ. ಓದಿದ ಕಾಲುಗಳು ಹೋದವು. ಲಂಟಾನದ ಆಚೆ ನಮ್ಮ ಬೀಗತಿ ನಿಂತಿದ್ದರು. ಎಡಗಿವಿಯ ತುದಿ ಸೀಳಿರುವುದರಿಂದ ಅವರ ಗುರುತು ಸುಲಭ. ತಲೆ ಕೊಡವುತ್ತಿದ್ದರು, ಹಿಂಗಾಲಿನಿಂದ ಕುತ್ತಿಗೆ ಕೆರೆಯುತ್ತಿದ್ದರು, ಮತ್ತೆ ಕೊಡವುತ್ತಿದ್ದರು. ಪಕ್ಕೆಲುಬು ಎಣಿಸಬಹುದಿತ್ತು. ದುರ್ಬೀನು ಸರಿಮಾಡಿದೆ. ಕಿವಿಯ ಒಳಗೆ, ಗದ್ದದ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಹರಳುಬೀಜ ಅಂಟಿಸಿದ ಹಾಗೆ ಹುಳಗಳು ರಕ್ತ ಕುಡಿದು ಉಬ್ಬಿ ಕೂತಿದ್ದವು. ನಾಲ್ಕು ಹೆಜ್ಜೆ ಇಳಿದರೆ ಸುಸ್ತಾಗುವಷ್ಟು ರಕ್ತ ಹೋಗಿತ್ತು.

ನನಗೆ ಆಗ ಆದದ್ದಕ್ಕೆ ಸಂತೋಷ ಅನ್ನುವುದು ತಪ್ಪಾದೀತು. ಆದರೆ ಇಳಿಯುವಾಗ ಕಾಲು ಹಗುರವಾಗಿತ್ತು. ಸಂಬಂಧ ಮುಗಿದಿರಲಿಲ್ಲ. ಬರೀ ಹುಳ.

ವಾರದೊಳಗೆ ಬೇರೆ ಮನೆಗಳ ಬೀಗತಿಯರೂ ಬರುವುದು ತಪ್ಪಿತು. ಊರಿನ ಅರ್ಧ ಜನಕ್ಕೆ ಊಟ ಸಪ್ಪೆಯಾಯಿತು. ಸಪ್ಪೆಯಾದ ಜನ ಸಭೆ ಸೇರುತ್ತಾರೆ. ಪುರಸಭೆಯ ಅಧ್ಯಕ್ಷ ಗುರುಮಲ್ಲಪ್ಪನವರು ನನ್ನನ್ನು ಕರೆಸಿದರು. ಲಂಟಾನದ ಬುಡದಿಂದ ಹೆಕ್ಕಿ ಸೀಸೆಗೆ ಹಾಕಿದ್ದ ಒಂದು ಹುಳವನ್ನು ನಾನು ಮೇಜಿನ ಮೇಲಿಟ್ಟೆ.

"ಈ ಹುಳ ಮನುಷ್ಯರಿಗೆ ಹತ್ತುತ್ತಾ?" ಅಂದರು.

"ಹತ್ತಬಹುದು. ಜ್ವರ ಬರಬಹುದು."

"ನಿನ್ನೆ ಥರ ಸಿಂಪಡಿಸೋದು ಬಿಟ್ರೆ ಬೇರೆ ದಾರಿ?"

"ಇದೆ. ಕಿವಿಗೆ, ಕುತ್ತಿಗೆಗೆ ಹಚ್ಚಬೇಕು."

"ಹಚ್ಚೋರು ಯಾರು ತಾಯಿ? ಬೀಗತಿಯರನ್ನ ಮುಟ್ಟೋರು ಈ ಊರಲ್ಲಿ ಹುಟ್ಟಿಲ್ಲ. ಮುಟ್ಟಿಸ್ಕೊಳ್ಳೋ ಬೀಗತೀನೂ ಹುಟ್ಟಿಲ್ಲ."

ಅದು ನಿಜ. ಹಿಂದಿನ ದಿನ ತೋಟಕ್ಕೆ ಹೊಡೆಯುವ ಪಂಪಿನಿಂದ ದೂರದಲ್ಲಿ ನಿಂತು ಸಿಂಪಡಿಸಲು ನೋಡಿದ್ದೆವು. ಇನ್ನೂ ಶಕ್ತಿ ಉಳಿದಿದ್ದ ಒಬ್ಬ ಬೀಗತಿ ಒಂದೇ ನೆಗೆತಕ್ಕೆ ಎರಡು ಕಾಂಪೌಂಡು ದಾಟಿದ್ದರು. ಔಷಧ ಗುರುಮಲ್ಲಪ್ಪನವರ ಬಿಳಿ ಪಂಚೆಯ ಮೇಲೆ ಬಿದ್ದಿತ್ತು.

ಅವರು ಸೀಸೆಯನ್ನು ಬೆಳಕಿಗೆ ಹಿಡಿದರು. "ಅಮಾಸೆ ದಿನ ಗುಡ್ಡದ ದಾರಿಗೆ ತಂತಿ ಬೇಲಿ ಹಾಕಿಸ್ತೀನಿ. ಸಪ್ಪೆ ಉಂಡು ಯಾರೂ ಸತ್ತಿಲ್ಲ. ಜ್ವರ ಬಂದು ಸತ್ತವ್ರೆ. ಅಷ್ಟರೊಳಗೆ ನಿಮ್ಮ ಕೈಲಿ ಏನಾದ್ರೂ ಆದ್ರೆ ಮಾಡಿ. ಊರಿಗೊಂದು ನೋಟಿಸು ಬರ್ಕೊಡಿ, ಎಲ್ಲರ ಕಣ್ಣಲ್ಲೂ ಇರ್ಲಿ."

ಬೇಲಿ ಎದ್ದರೆ ಬೀಗತಿ ಯಾವತ್ತೂ ಇಳಿಯುವುದಿಲ್ಲ. ಅತ್ತೆಯ ಮೆಸ್ ಮುಚ್ಚುತ್ತದೆ, ನನ್ನ ಟ್ರಂಕು ಕಾರಿಗೆ ಹೋಗುತ್ತದೆ. ಇದನ್ನೆಲ್ಲ ಯೋಚಿಸುತ್ತ ಕಾಗದದ ಮೇಲೆ ಎರಡು ಸಾಲು ಬರೆದೆ.

"ಜಿಂಕೆಗಳಿಗೆ ಉಣ್ಣೆ. ಪ್ರತಿ ಮನೆಯವರೂ ತಡಮಾಡದೆ ನೋಡಿಕೊಳ್ಳುವುದು."

ನನ್ನ ತವರಿನ ಕಡೆ ದನದ ಮೈ ಹತ್ತಿ ರಕ್ತ ಕುಡಿಯುವ ಈ ಹುಳಕ್ಕೆ ಉಣ್ಣೆ ಅನ್ನುತ್ತೇವೆ. ಪುಸ್ತಕದಲ್ಲೂ ಹಾಗೇ ಇದೆ. ಗುರುಮಲ್ಲಪ್ಪನವರು ಎರಡು ಸಲ ಓದಿದರು.

"ಹುಳಕ್ಕೆ ಉಣ್ಣೆನಾ?"

"ಹೌದು. ಉಣ್ಣೆ."

"ಇಷ್ಟೇ ಸಾಕಾ?"

"ಸಾಕು."

"ಸರಿ, ನೀವು ಓದಿದೋರು" ಅಂದು ರುಜು ಹಾಕಿದರು. ಮಧ್ಯಾಹ್ನ ಆಟೋ ಒಂದು ಮೈಕು ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಅದನ್ನೇ ಕೂಗಿಕೊಂಡು ಹೋಯಿತು.

ಆ ದಿನಗಳಲ್ಲಿ ನಾನು ಸುತ್ತ ಹೆಚ್ಚು ನೋಡುತ್ತಿರಲಿಲ್ಲ. ನೋಡಿದ್ದರೆ ಬೇಗ ತಿಳಿಯುತ್ತಿತ್ತು. ಮಾರನೆಯ ಬೆಳಿಗ್ಗೆ ಎದುರು ಮನೆಯ ಕ್ಯಾಥರೀನಮ್ಮ ನನ್ನನ್ನು ಗೇಟಿನಲ್ಲಿ ತಡೆದರು. ಅವರು ಕಾನ್ವೆಂಟಿನಲ್ಲಿ ಹೊಲಿಗೆ ಹೇಳಿಕೊಟ್ಟು ನಿವೃತ್ತರಾದವರು, ಸೂಜಿಯಂತೆ ನೆಟ್ಟಗೆ ನಿಲ್ಲುವವರು.

"ನೀಲಾ, ಒಂದು ಮಾತು. ಕಿವಿಗೆ ತೂತು ಬಿಡಬೇಕೋ, ಕಿವಿ ಮುಚ್ಚೋ ಹಾಗೆ ಹೆಣೆಯಬೇಕೋ?"

ಮೊಮ್ಮಗನಿಗೆ ಟೊಪ್ಪಿ ಹೆಣೆಯುತ್ತಿರಬೇಕು ಅಂದುಕೊಂಡೆ. "ಮುಚ್ಚಿದರೆ ಒಳ್ಳೆಯದು" ಅಂದೆ.

"ಕುತ್ತಿಗೆಗೆ?"

"ಕುತ್ತಿಗೆಗೂ."

"ನಾನೂ ಅದನ್ನೇ ಹೇಳಿದೆ. ಗುರುಮಲ್ಲಪ್ಪನ ಹೆಂಡತಿ ಕೇಳ್ತಾನೇ ಇಲ್ಲ, ಬರೀ ಶಾಲು ಸಾಕು ಅಂತಾಳೆ" ಅಂದು ತೃಪ್ತಿಯಿಂದ ಹೊರಟುಹೋದರು. ಮೊಮ್ಮಗನ ಟೊಪ್ಪಿಗೂ ಅಧ್ಯಕ್ಷರ ಹೆಂಡತಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಹೆಂಗಸರು ಹೆಣೆಯುತ್ತಿದ್ದರು. ಪಡಿತರದ ಸಾಲಿನಲ್ಲಿ ಹೆಣೆಯುತ್ತಿದ್ದರು. ಸೆಕೆ ಇನ್ನೂ ಹೋಗಿರಲಿಲ್ಲ. ಚಿಲ್ಲರೆ ಅಂಗಡಿಯವನು ದಾರದುಂಡೆ ಮುಗಿದಿದೆ ಎಂದು ಹಲಗೆ ಬರೆದಿದ್ದ. ಬ್ಯಾಂಕಿನ ಕಾವಲುಗಾರ ಬಂದೂಕು ಗೋಡೆಗೆ ಒರಗಿಸಿ ಕೆಂಪು ದಾರ ಸುತ್ತಿಕೊಡುತ್ತಿದ್ದ. ಎಲ್ಲವನ್ನೂ ಕಂಡೆ. ಯಾವುದನ್ನೂ ಯೋಚಿಸಲಿಲ್ಲ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಕೂತು ಪ್ರಭುವಿನ ಕಂದು ಸ್ವೆಟರನ್ನು ಬಿಚ್ಚುತ್ತಿದ್ದರು. ಒಂದು ತೋಳು ಆಗಲೇ ದಾರವಾಗಿ ಬುಟ್ಟಿಯಲ್ಲಿತ್ತು.

ನಾನು ಬಾಗಿಲಲ್ಲೇ ನಿಂತೆ. "ಅತ್ತೆ, ಅದು ಯಾಕೆ?"

"ಅಂಗಡೀಲಿ ಉಣ್ಣೆ ಇಲ್ಲ. ನೀನೇ ಬರ್ದಿದೀಯಲ್ಲ, ತಡ ಮಾಡ್ಬೇಡಿ ಅಂತ."

"ಏನಂತ ಬರೆದೆ?"

"ಜಿಂಕೆಗಳಿಗೆ ಉಣ್ಣೆ ಅಂತ. ಊರೆಲ್ಲ ಹೆಣೀತಾ ಐತೆ. ನಮ್ಮ ಬೀಗತಿಗೆ ಮಾತ್ರ ಇಲ್ಲ ಅಂದ್ರೆ ನಾಳೆ ಅವರು ಬಂದು ನನ್ನ ಮಕ ನೋಡ್ತಾರಾ?"

ನಾನು ಅಲ್ಲೇ ನೆಲದ ಮೇಲೆ ಕೂತೆ. "ಅತ್ತೆ, ಉಣ್ಣೆ ಅಂದ್ರೆ ಹುಳ. ಕಿವಿಗೆ ಕಚ್ಚಿಕೊಂಡಿರುತ್ತಲ್ಲ, ಅದು."

ಅತ್ತೆಯ ಕೈ ನಿಂತಿತು. "ಅದು ಉಣುಗು."

"ನಮ್ಮ ಕಡೆ ಉಣ್ಣೆ ಅಂತೀವಿ."

"ಮತ್ತೆ ಕುರಿ ಉಣ್ಣೆಗೆ ಏನಂತೀರಿ?"

"ಉಣ್ಣೆ ಅಂತಾನೇ."

ಅತ್ತೆ ದಾರವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ದಿಟ್ಟಿಸಿದರು. "ನಂಗೆ ಊಟ ಬ್ಯಾಡ, ನಾನು ಉಣ್ಣಲ್ಲ ಅನ್ನೋಕೆ?"

"ಹಳಬರು... ಉಣ್ಣೆ ಅಂತಾರೆ."

"ಒಂದೇ ಮಾತಲ್ಲಿ ಹುಳಾನೂ ಆಯ್ತು, ಕಂಬ್ಳೀನೂ ಆಯ್ತು, ಉಪ್ವಾಸಾನೂ ಆಯ್ತು. ಎಂಥಾ ಜಿಪುಣರ ಊರಿಂದ ತಂದನಪ್ಪಾ ನನ್ನ ಮಗ" ಅಂದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಸದ್ದು ಬರಲು ಸ್ವಲ್ಪ ಹೊತ್ತಾಯಿತು. ಬಂದ ಮೇಲೆ ನಿಲ್ಲಲಿಲ್ಲ. ಕಣ್ಣು ಒರೆಸಿಕೊಂಡರು, ಸ್ವೆಟರಿನ ಉಳಿದ ತೋಳಿನಿಂದ. ನನ್ನ ಬಾಯಿಂದಲೂ ಏನೋ ಒಂದು ಸದ್ದು ಬಂತು. ಕೆಮ್ಮಿನ ಹಾಗಿತ್ತು. ಕೆಮ್ಮಲ್ಲ.

"ಈಗಲೇ ಹೋಗಿ ತಿದ್ದಿ ಬರ್ತೀನಿ" ಎಂದು ಎದ್ದೆ.

"ಕೂತ್ಕೋ" ಅಂದರು ಅತ್ತೆ. ನಗು ಇನ್ನೂ ಗಂಟಲಲ್ಲಿತ್ತು. ಆದರೆ ಕಣ್ಣು ಯೋಚಿಸುತ್ತಿತ್ತು. "ಬೀಗತಿಯನ್ನ ಬರಿಗೈಲಿ ಮುಟ್ಟಂಗಿಲ್ಲ, ಸರಿ. ಉಡುಗೊರೆ ಕೊಡೋವಾಗ ಮುಟ್ಟಬಹುದಲ್ಲ? ಮದ್ವೇಲಿ ಬೀಗತಿಗೆ ಸೀರೆ ಹೊದಿಸೋವಾಗ ಭುಜ ಮುಟ್ಟಲ್ವಾ? ಬೀಗತಿಯರಿಗೆ ಬಟ್ಟೆ ಕೊಡ್ಬೇಕು ಅಂತ ಈ ಊರಲ್ಲಿ ಇಲ್ಲೀತನ್ಕ ಒಬ್ಬರ ತಲೇಗೂ ಹೊಳೆದಿರ್ಲಿಲ್ಲ ನೋಡು."

ನಾನು ಬುಟ್ಟಿಯಲ್ಲಿದ್ದ ದಾರ ನೋಡಿದೆ. ಉಣ್ಣೆ ಎಣ್ಣೆ ಹೀರುತ್ತದೆ. ಹೀರಿದ್ದನ್ನು ಬೇಗ ಬಿಡುವುದಿಲ್ಲ. ಕಿವಿ ಮುಚ್ಚುವ, ಕುತ್ತಿಗೆ ಸುತ್ತುವ, ಔಷಧದಲ್ಲಿ ನೆನೆದ ಉಣ್ಣೆ. ಜಿಂಕೆ ತಲೆ ಕೊಡವಿದಷ್ಟೂ ಔಷಧ ಹುಳಗಳಿರುವ ಜಾಗಕ್ಕೇ ಉಜ್ಜಿಕೊಳ್ಳುತ್ತದೆ. ಯಾವ ಪ್ರಾಧ್ಯಾಪಕರೂ ನನಗೆ ಇದನ್ನು ಕಲಿಸಿರಲಿಲ್ಲ.

"ಅತ್ತೆ, ಬಿಚ್ಚಿ" ಅಂದೆ. "ಇನ್ನೊಂದು ತೋಳೂ ಬಿಚ್ಚಿ." ನಾನು ಎದುರು ಕೂತು ಎರಡು ಕೈ ಚಾಚಿದೆ. ಅತ್ತೆ ದಾರ ಸುತ್ತಿದರು. ಪ್ರಭುವಿನ ಎದೆ, ಬೆನ್ನು, ಕಾಲರು ನನ್ನ ಕೈಗೆ ಸುತ್ತಿಕೊಂಡಿತು. ಬೆಚ್ಚಗಿತ್ತು.

ಆಮೇಲಿನ ದಿನಗಳಲ್ಲಿ ನನಗೆ ಮಾತಾಡಬೇಕಾಯಿತು. ಕ್ಯಾಥರೀನಮ್ಮ ತಮ್ಮ ಜಗುಲಿಯಲ್ಲಿ ಇಡೀ ಬಡಾವಣೆಯ ಹೆಂಗಸರನ್ನು ಕೂರಿಸಿದರು. ಹೆಣಿಗೆ ಸಡಿಲವಾಗಿರಬೇಕು, ಮುಳ್ಳಿಗೆ ಸಿಕ್ಕರೆ ಎಳೆ ಬಿಟ್ಟುಕೊಳ್ಳಬೇಕು, ಗಂಟು ಹಾಕಬಾರದು ಎಂದು ನಾನು ಹೇಳಿದೆ. ಹೇಳಿದ್ದನ್ನು ಕ್ಯಾಥರೀನಮ್ಮ ಆಜ್ಞೆಯನ್ನಾಗಿ ಮಾಡಿದರು. "ಇದೇನಮ್ಮ, ಬೀಗತಿಗೆ ಹೆಣೆದಿದ್ದೋ, ಮೀನಿಗೆ ಬಲೆಯೋ? ಬಿಚ್ಚು." "ನಿನ್ನದು ಬಿಗಿಯಾಯ್ತು. ನಿನ್ನ ಬೀಗತಿ ಮೇಲೆ ಅಷ್ಟು ಸಿಟ್ಟಾ?" ನೋಟಿಸಿನ ನಿಜವಾದ ಅರ್ಥ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಯಾರಾದರೂ ಊಟಕ್ಕೆ ಏಳುವುದಿಲ್ಲ ಅಂದರೆ "ಅವಳು ಉಣ್ಣೆ" ಅನ್ನುತ್ತಿದ್ದರು, ನನ್ನನ್ನು ನೋಡಿ.

ಪುರಸಭೆಯ ಅಂಗಳದಲ್ಲಿ ದೊಡ್ಡ ಕೊಳಗಗಳಲ್ಲಿ ಔಷಧ ಕಲಸಿದೆ. ರಬ್ಬರಿನ ಕೈಗವಸು ಹಾಕಿಕೊಂಡು ಹೆಣೆದದ್ದನ್ನೆಲ್ಲ ಅದ್ದಿ, ಹಿಂಡಿ, ಹಗ್ಗದ ಮೇಲೆ ಹರಡಿದೆ. ಹಸಿರು, ಗುಲಾಬಿ, ಹಳದಿ, ಕುಚ್ಚು ಇರುವವು, ಇಲ್ಲದವು. ಗುರುಮಲ್ಲಪ್ಪನವರು ಮೂಗು ಮುಚ್ಚಿಕೊಂಡು ಹಗ್ಗದ ಕೆಳಗೆ ಓಡಾಡಿದರು.

"ನೋಡಮ್ಮ, ಬೇಲಿ ತಂತಿ ಬಂದಿಳಿದಿದೆ. ನಾನು ಅಮಾಸೆ ಅಂದ್ರೆ ಅಮಾಸೆ."

"ಆಗಲಿ" ಅಂದೆ. ಆಮೇಲೆ ಇನ್ನೂ ಒಂದು ಮಾತು ಸೇರಿಸಿದೆ. "ಈ ನೇರಳೆ ಟೊಪ್ಪಿ ನಿಮ್ಮ ಮನೆಯವರದು. ಕುಚ್ಚು ತುಂಬ ದೊಡ್ಡದಾಯಿತು."

ಅಮಾವಾಸ್ಯೆಗೆ ಇನ್ನೂ ವಾರ ಇರುವಾಗ, ಒಂದು ಬೆಳಿಗ್ಗೆ, ಖಾಲಿ ಸೈಟುಗಳಲ್ಲಿ ಊರು ಸೇರಿತು. ತಟ್ಟೆಗಳಲ್ಲಿ ಉಪ್ಪು, ಬೆಲ್ಲ, ಮಡಚಿದ ಉಣ್ಣೆ. ಬೀಗತಿಯರು ಲಂಟಾನದ ಅಂಚಿನಲ್ಲಿ ನಿಂತಿದ್ದರು. ನಾವು ಹತ್ತು ಹೆಜ್ಜೆ ಹೋದರೆ ಅವರು ಹತ್ತು ಹೆಜ್ಜೆ ಹಿಂದೆ. ಕರೆದರೆ ಬರುವವರಲ್ಲ. ಆಗ ಅಧ್ಯಕ್ಷರ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮದುವೆ ಮನೆಯಲ್ಲಿ ಬೀಗರನ್ನು ಹಂಗಿಸುವ ಧಾಟಿಯಲ್ಲಿ ಶುರುಮಾಡಿದರು.

"ಉಪ್ಪಿಗೆ ಬರ್ತೀನಿ ಅಂದೋಳು ಎಲ್ಲವ್ಳೆ
ಗುಡ್ಡದ ಮ್ಯಾಲೆ ಮೈ ಕೆರ್ಕೊಂಡು ನಿಂತವ್ಳೆ
ನಾಕು ಕಾಲು ಕೊಟ್ಟವ್ನೆ ದ್ಯಾವ್ರು ಬೀಗತಿಗೆ
ನಮ್ಮನೆ ತನ್ಕ ನಡೆಯಾಕೆ ನೋವಂತೆ"

ಹಂಗಿಸಿದರೆ ಸುಮ್ಮನಿರುವ ಬೀಗತಿ ಎಲ್ಲಿಯೂ ಇಲ್ಲ. ಲಂಟಾನದಿಂದ ಒಬ್ಬರು ಕಿವಿ ನಿಗುರಿಸಿ ಮುಂದೆ ಬಂದರು. ಅವರಿಗೆ ಹಾಡಲು ಬಾರದು. ಅದಕ್ಕೆ ಅವರ ಪರವಾಗಿ ಸೊಸೆ ಹಾಡಬೇಕು. ಅಧ್ಯಕ್ಷರ ಸೊಸೆ, ಅತ್ತೆಯ ಎದುರು ತಲೆ ಎತ್ತದ ಹುಡುಗಿ, ಗಂಟಲು ಸರಿಮಾಡಿಕೊಂಡಳು.

"ನೀ ಇಟ್ಟ ಉಪ್ಪಲ್ಲಿ ಕಲ್ಲೈತೆ ಕಾಣವ್ವ
ಹಲ್ಲು ಮುರಿದ್ರೆ ಕಟ್ಟಿಸ್ಕೊಡೋರು ಯಾರವ್ವ"

ಜನ ಹೋ ಅಂದರು. ಅಧ್ಯಕ್ಷರ ಹೆಂಡತಿ ಸೊಸೆಯ ಕಿವಿ ಹಿಂಡಿ ತಾವೂ ನಕ್ಕರು. ಅಷ್ಟರಲ್ಲಿ ಬೀಗತಿ ಬಂದು ತಟ್ಟೆಗೆ ಬಾಯಿ ಹಾಕಿದ್ದರು. ನೇರಳೆ ಟೊಪ್ಪಿ ತಲೆಗೆ ಬಂತು, ಕುಚ್ಚು ಹಣೆಯ ಮೇಲೆ ಇಳಿಯಿತು. ಅವರು ಕದಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಮನೆಯವರೂ. ಅತ್ತೆಯರು ಬೀಗತಿಯನ್ನು ಬೈದರು, ಸೊಸೆಯರು ವರ್ಷಗಳಿಂದ ಕೂಡಿಟ್ಟಿದ್ದನ್ನು ಧಾಟಿಗೆ ಹಾಕಿ ಅತ್ತೆಯರಿಗೆ ತೀರಿಸಿದರು. ಹಾಡಿನ ನಡುವೆ ಬೆರಳುಗಳು ಕಿವಿಗಳಿಗೆ ಇಳಿದವು. ಸೀಮೆಎಣ್ಣೆಯ ಡಬ್ಬಗಳಿಗೆ ಹುಳಗಳು ಬಿದ್ದವು.

ನಮ್ಮ ಬೀಗತಿ ಎಲ್ಲರಿಗಿಂತ ಹಿಂದೆ ನಿಂತಿದ್ದರು, ಸೀಳಿದ ಕಿವಿಯನ್ನು ಇಳಿಬಿಟ್ಟುಕೊಂಡು. ನಾನು ಡಬ್ಬ ಹಿಡಿದು ಬೇರೆಯವರಿಗೆ ತೋರಿಸಿಕೊಡುತ್ತಿದ್ದೆ. ಯಾರೋ ಒಬ್ಬರು ಮೆಲ್ಲಗೆ, ಗಂಡ ಹೋದವಳು ಉಡುಗೊರೆ ಕೊಡಬಹುದೇ ಅಂದರು. ಅತ್ತೆ ತಿರುಗಿದರು.

"ತಾಯಿಗೆ ಬಟ್ಟೆ ಕೊಡಾಕೆ ಮಗಳು ಯಾರ ಅಪ್ಪಣೆ ಕೇಳ್ಬೇಕು?"

ಮತ್ತೆ ಗುಡ್ಡದ ಕಡೆ ನೋಡಿ ಹಾಡಿದರು. ಅವರ ಧ್ವನಿ ಒರಟು. ಮೆಸ್ಸಿನ ಹುಡುಗರನ್ನು ಕರೆಯುವ ಧ್ವನಿ.

"ಬಂದ್ರೆ ಬಾಗಿಲು ದೊಡ್ದೈತೆ ಬೀಗತಿ
ಬರ್ದಿದ್ರೆ ಗುಡ್ಡಾನೇ ಹೊತ್ಕೋ ಬೀಗತಿ
ಹೆತ್ತ ಮಗಳ ಮಕ ಮರೆತು ನಿಂತೋಳೆ
ಕಲ್ಲೇನೆ ನಿನ್ನೆದೆ, ಕಬ್ಬಿಣವೇನೆ"

ಬೀಗತಿ ಕದಲಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಈಗ ನನ್ನ ಸರದಿ. ನನಗೆ ಹಾಡಲು ಬರುವುದಿಲ್ಲ. ಅತ್ತೆಯನ್ನು ಏನಂತ ಬೈಯಲಿ? ಅವರು ನನ್ನ ಕಡೆ ನೋಡುತ್ತಿರಲಿಲ್ಲ. ತಟ್ಟೆ ಹಿಡಿದ ಅವರ ಕೈಗೆ ಹಿಂದಿನ ದಿನದ ಸಾರಿನ ಅರಿಶಿನ ಹತ್ತಿತ್ತು. ಬಾಯಿ ತೆರೆದೆ.

"ಸಾರಲ್ಲಿ ಬೇಳೆ ಹುಡ್ಕಿ ನಮ್ಮವ್ವ ಸೋತವ್ಳೆ
ಮೆಸ್ಸಿನೋಳ ಸೌಟಿಗೆ ತೂತೈತಾ ಅಂತವ್ಳೆ"

ಐಟಿಐ ಹುಡುಗರ ಗುಂಪಿನಿಂದ ಒಬ್ಬ "ನಿಜ ಕಣಕ್ಕಾ" ಅಂದ. ಆಮೇಲೆ ಊರಿಗೆ ಊರೇ ಬಿದ್ದು ನಕ್ಕಿತು. ಅತ್ತೆ ತಟ್ಟೆ ನನ್ನ ಕೈಗೆ ಕೊಟ್ಟು ಹೊಟ್ಟೆ ಹಿಡಿದುಕೊಂಡರು. ಆ ಗದ್ದಲದಲ್ಲಿ ಬೀಗತಿ ನಡೆದು ಬಂದದ್ದನ್ನು ನಾನು ಕಾಣಲೇ ಇಲ್ಲ. ಮೊಣಕೈಗೆ ಬಿಸಿ ಉಸಿರು ತಾಗಿದಾಗ ತಿಳಿಯಿತು.

ಕಂದು ಉಣ್ಣೆಯನ್ನು ಕುತ್ತಿಗೆಗೆ ಸುತ್ತಿದೆ. ಕಿವಿಯ ಮೇಲೆ ಎಳೆಯುವ ಮೊದಲು ಒಳಗೆ ಬೆರಳು ಹಾಕಿ, ಇಕ್ಕಳದಿಂದ ಒಂದೊಂದೇ ಹುಳ ಹಿಡಿದು, ಬುಡದಿಂದ ನೆಟ್ಟಗೆ ಎಳೆದು ಡಬ್ಬಕ್ಕೆ ಹಾಕಿದೆ. ಚರ್ಮದ ಕೆಳಗೆ ಎಲ್ಲೋ ನಾಡಿ ಹೊಡೆಯುತ್ತಿತ್ತು. ಅವರದೋ ನನ್ನದೋ.

ಬಡಾವಣೆ ಆ ವಾರ ಹೇಗಿತ್ತು ಎಂದು ನೋಡಿದವರಿಗೇ ಗೊತ್ತು. ಗುಡ್ಡದ ತುಂಬ ಬಣ್ಣದ ಟೊಪ್ಪಿಗಳು ಮೇಯುತ್ತಿದ್ದವು. ಹುಳಗಳು ಸತ್ತು ಉದುರಿದವು. ಕಾಲುಗಳಿಗೆ ಬಲ ಬಂತು. ಒಬ್ಬೊಬ್ಬರಾಗಿ ಬೀಗತಿಯರು ಗೇಟುಗಳಿಗೆ ಮರಳಿದರು. ಪ್ರತಿ ಬೆಳಿಗ್ಗೆ ಯಾವುದೋ ಒಂದು ಮನೆಯಿಂದ "ಹತ್ತಿತು, ಉಪ್ಪು ಹತ್ತಿತು" ಎಂದು ಕೂಗು ಬರುತ್ತಿತ್ತು. ನಾನು ಉಪ್ಪಿನ ಕಲ್ಲುಗಳ ಬಳಿ ಕೂತು ಕಿವಿಗಳನ್ನು ಪರೀಕ್ಷಿಸಿ, ಅಧ್ಯಕ್ಷರಿಗೆ ವರದಿ ಬರೆದೆ. ಉಣುಗು ಎಂದು ಬರೆದೆ. "ಈ ಸಲ ಪುಟ ತುಂಬಿದೆ" ಅಂದರು ಗುರುಮಲ್ಲಪ್ಪನವರು, ಸಮಾಧಾನದಿಂದ. ಬೇಲಿಯ ತಂತಿಯನ್ನು ಅವರ ಹೆಂಡತಿ ಆಗಲೇ ಹೀರೆ ಬಳ್ಳಿಗೆ ಚಪ್ಪರ ಮಾಡಿಸಿದ್ದರು.

ನಮ್ಮ ಬೀಗತಿ ಮಾತ್ರ ಇಳಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ರಕ್ತ ಹೋಗಿದ್ದವರು ಅವರು. ದುರ್ಬೀನಿನಲ್ಲಿ ನೋಡಿದರೆ ಹುಳ ಇರಲಿಲ್ಲ, ಕಂದು ಉಣ್ಣೆ ಇತ್ತು, ಮೇಯುತ್ತಲೂ ಇದ್ದರು. ಇಳಿಯುವುದು ಮಾತ್ರ ಇಲ್ಲ. ನಲ್ಲಿಯ ಬಳಿ ಮಾತು ನಿಂತಿರಲಿಲ್ಲ.

ಅಮಾವಾಸ್ಯೆಯ ದಿನ ಅಣ್ಣ ಕಾರು ತಂದ. ಅತ್ತೆ ನನ್ನ ಟ್ರಂಕನ್ನು ತಾವೇ ಪಡಸಾಲೆಗೆ ಎಳೆದಿಟ್ಟಿದ್ದರು. "ಉಂಡು ಹೊರಡಿ. ಖಾಲಿ ಹೊಟ್ಟೇಲಿ ನನ್ನ ಮನೆಯಿಂದ ಯಾರೂ ಹೋಗಿಲ್ಲ" ಅಂದರು. ಅಣ್ಣನ ಪಕ್ಕದಲ್ಲಿ ನನಗೂ ಎಲೆ ಹಾಕಿದರು. ಉಳಿದಿದ್ದ ನಾಲ್ಕಾರು ಗಿರಾಕಿಗಳೂ ಕೂತರು. ಅನ್ನ, ಬದನೆಕಾಯಿ ಹುಳಿ, ಹಪ್ಪಳ. ಅಣ್ಣ ಒಂದು ತುತ್ತು ಇಟ್ಟು ನನ್ನ ಕಡೆ ನೋಡಿದ. ಮರ್ಯಾದಸ್ಥ, ಇನ್ನೊಂದು ತುತ್ತೂ ಇಟ್ಟ.

"ಚೆನ್ನಾಗಿದೆ ಅಮ್ಮ" ಅಂದ.

"ಸುಳ್ಳು ಹೇಳ್ಬೇಡಪ್ಪ. ಸಪ್ಪೆ ಐತೆ" ಅಂದರು ಅತ್ತೆ, ಗೋಡೆಯ ಕಡೆ ತಿರುಗಿ.

ನಾನು ಅನ್ನ ಕಲಸಿದೆ. ಎಷ್ಟೋ ತಿಂಗಳಿಂದ ಕಲಸಿದ ಹಾಗೆಯೇ. ಬಾಯಿಗೆ ಇಟ್ಟೆ. ಹೊರಗೆ ಗೇಟು ಅಲುಗಿದ ಸದ್ದು ಆಯಿತು. ಗಾಳಿ ಅಂದುಕೊಂಡೆ.

ಉಪ್ಪು ಬಂತು.

ಮೆಲ್ಲಗೆ ಅಲ್ಲ. ಬಾಯಲ್ಲಿದ್ದ ತುತ್ತಿನಲ್ಲೇ ಅದು ಏಕಾಏಕಿ ಎದ್ದು ಕೂತಿತು. ಹುಳಿ, ಖಾರ, ಬದನೆಕಾಯಿಯ ಒಗರು, ಒಗ್ಗರಣೆಯ ಇಂಗು, ಎಲ್ಲಕ್ಕಿಂತ ಮೇಲೆ ಉಪ್ಪು, ಉಪ್ಪು, ಉಪ್ಪು. ಪಕ್ಕದಲ್ಲಿ ಅಣ್ಣ ಕೆಮ್ಮತೊಡಗಿದ. ಡಿಪೋದ ಕಂಡಕ್ಟರು ನೀರಿನ ಚೊಂಬಿಗೆ ಕೈ ಹಾಕಿದ. ಒಬ್ಬ ಹುಡುಗ ಎದ್ದೇ ಬಿಟ್ಟ. ಸಪ್ಪೆಯ ದಿನಗಳಲ್ಲಿ ಅತ್ತೆಯ ಕೈ ಹತಾಶೆಯಿಂದ ದೊಡ್ಡದಾಗಿತ್ತು. ಹಿಡಿಗಟ್ಟಲೆ ಸುರಿದಿದ್ದರು. ಅಷ್ಟೂ ಈಗ ಒಟ್ಟಿಗೆ ಹತ್ತಿತ್ತು.

ಅತ್ತೆ ಗೇಟಿನ ಕಡೆ ನೋಡಿದರು. ಕಲ್ಲಿನ ಮೇಲೆ ಕಂದು ಉಣ್ಣೆಯ ತಲೆ ಬಾಗಿತ್ತು. ಅತ್ತೆ ಸೌಟು ಹಿಡಿದವರು ಹಿಡಿದ ಹಾಗೇ ನಿಂತರು.

ನಾನು ತುತ್ತು ನುಂಗಿದೆ. ಕಣ್ಣಲ್ಲಿ ನೀರು ಬಂದಿತ್ತು. ಉಪ್ಪಿಗೇ ಇರಬೇಕು.

"ಅತ್ತೆ" ಅಂದೆ. "ಹುಳಿಗೆ ಉಪ್ಪು ಜಾಸ್ತಿಯಾಗಿದೆ. ಬಾಯಿಗಿಡೋಕೆ ಆಗ್ತಿಲ್ಲ."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಏನಂದೆ?"

"ಉಪ್ಪು ಜಾಸ್ತಿ. ಇಂಗೂ ಜಾಸ್ತಿ. ಬದನೆಕಾಯಿ ಸರಿಯಾಗಿ ಬೆಂದಿಲ್ಲ."

ಅತ್ತೆ ಸೌಟನ್ನು ಎತ್ತಿ ಹಿಡಿದು ಬೀದಿಗೆ ನಡೆದರು. ಕ್ಯಾಥರೀನಮ್ಮನ ಜಗುಲಿಗೂ, ಅದರಾಚೆಯ ನಲ್ಲಿಗೂ ಕೇಳುವ ಹಾಗೆ ಕೂಗಿ ಹೇಳಿದರು: "ಕೇಳಿಸ್ಕೊಳ್ರಮ್ಮ. ನನ್ನ ಸೊಸೆ ನನ್ನ ಅಡುಗೇಲಿ ಕೊಂಕು ತೆಗೆದ್ಲು. ಒಂದಲ್ಲ, ಮೂರು."

"ನೋಡ್ರಿ, ತಾಯಿ ಬಂದಿದ್ದೇ ತಡ, ಬಾಯಿ ಬಂತು" ಅಂದರು ಕ್ಯಾಥರೀನಮ್ಮ ಎದುರಿನಿಂದ.

ಅಣ್ಣ ಮಜ್ಜಿಗೆ ಕುಡಿದು ಸುಧಾರಿಸಿಕೊಂಡ. ಕೈಗಡಿಯಾರ ನೋಡಿದ. ಟ್ರಂಕು ನೋಡಿದ. "ಹಾಗಾದ್ರೆ ನೀಲಾ, ನಾವು ಹೊರಡೋದು..."

"ಇರು, ಊಟ ಮಾಡ್ತಾ ಇದ್ದೀನಿ" ಅಂದೆ. ಹುಳಿಯ ಉಪ್ಪಿಗೆ ಸರಿಹೋಗಲಿ ಎಂದು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.